ಸುಮ್ನಿರಕ್ಕ ಮತ್ತು ಏಳಲೊಲ್ಲದ ಡಿಸ್ಕು

ಸುಮ್ನಿರಕ್ಕನನ್ನು ನಾನು ಮೊದಲು ಕಂಡಾಗ ಅವರು ಗೊರಕೆ ಹೊಡೆಯುತ್ತಿದ್ದರು. ಮಟಮಟ ಮಧ್ಯಾಹ್ನ, ಲ್ಯಾಪ್‌ಟಾಪ್ ರಿಪೇರಿ ಅಂಗಡಿ, ಕೌಂಟರಿನ ಮುಂದೆ ನಾವು ಐದಾರು ಗಿರಾಕಿಗಳು. ಒಳಗಿನ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಬಾಯಿ ತೆರೆದು ಕೂತಿತ್ತು. ಅದರೆದುರು ಐವತ್ತು ದಾಟಿದ ಹೆಂಗಸೊಬ್ಬರು, ಅವರೂ ಬಾಯಿ ತೆರೆದುಕೊಂಡೇ, ಎರಡೂ ಕೈ ಕಂಕುಳಲ್ಲಿಟ್ಟು ನಿದ್ದೆ ಹೋಗಿದ್ದರು.

"ಏನಪ್ಪಾ, ಇಬ್ಬರಲ್ಲಿ ರಿಪೇರಿಗೆ ಬಂದಿರೋದು ಯಾರು? ನಿಮ್ಮಕ್ಕನೇ ಸ್ಲೀಪ್ ಮೋಡ್‌ಗೆ ಹೋಗ್ಬಿಟ್ಟಿದಾರಲ್ಲ!" ಎಂದ ಗಿರಾಕಿಯೊಬ್ಬ, ಅಂಗಡಿಯ ಯಜಮಾನನಿಗೆ. ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ಬೆಚ್ಚಿ ಎದ್ದು, ಕೆಲಸ ಮಾಡುತ್ತಿದ್ದವರಂತೆ ತೋರಿಸಿಕೊಳ್ಳಲು ಕೈಗೆ ಸಿಕ್ಕಿದ ಕೀಲಿ ಒತ್ತಿದರು. ಒತ್ತಿದ್ದೇ ತಡ, ಹಣೆ ಚಚ್ಚಿಕೊಂಡರು.

"ಅಯ್ಯೋ, ಮುಟ್ಟಿಬಿಟ್ಟೆ! ನಲವತ್ತು ನಿಮಿಷ ಕಾದಿದ್ದೆ."

"ಏನಕ್ಕೆ ಕಾಯ್ತಿದ್ರಿ?" ಎಂದೆ.

"ಕೆಡಲಿ ಅಂತ. ನಿಮ್ಮದು ಸುಮ್ನಿದ್ದಾಗ ಕೆಡೋ ಜಾತಿ. ನಾವು ಮುಟ್ಟುತ್ತಾ ಇದ್ರೆ ಒಳ್ಳೇ ಮಗುವಿನ ಹಾಗಿರುತ್ತೆ."

ಅದು ಅವರ ವಿದ್ಯೆ. ಉಳಿದ ರಿಪೇರಿಯವರು ಬಿಚ್ಚುತ್ತಾರೆ, ಒತ್ತುತ್ತಾರೆ, ಊದುತ್ತಾರೆ. ಇವರಿಗೆ ಮಾತ್ರ ಕೈಕಟ್ಟಿ ಕೂರುವುದೇ ಕೈಕೆಲಸ. ಗಿರಾಕಿ ಅವಸರಪಟ್ಟರೆ "ಸುಮ್ನಿರಿ" ಎನ್ನುವರು, ಅದೇ ಹೆಸರಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತುಟಿಯ ಮೇಲೆ ಬೆರಳಿಡಿಸಿ ಕೂರಿಸಿದರೂ ಎರಡು ನಿಮಿಷ ಸುಮ್ಮನಿರದೆ ಬೆಂಚಿನ ಮೇಲೆ ನಿಂತವನು ನಾನು. ಹಾಗಾಗಿ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಬೆರೆತ ಗೌರವ.

ಈ ವಿದ್ಯೆ ಬಂದದ್ದು ಬಲ್ಬು ಫ್ಯಾಕ್ಟರಿಯಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಸೇರಿ ಇಪ್ಪತ್ತಾರು ವರ್ಷ ಅಲ್ಲಿ ಅವರು ಮಾಡಿದ್ದು ಒಂದೇ ಕೆಲಸ. ಗೋಡೆಯುದ್ದಕ್ಕೂ ಉರಿಯುವ ಬಲ್ಬುಗಳೆದುರು ಸ್ಟೂಲು ಹಾಕಿಕೊಂಡು, ಯಾವುದು ಆರುತ್ತದೆಂದು ನೋಡುವುದು. ಕಣ್ಣಿಗೆ ಕನ್ನಡಕ ಬಂತು, ನೋಡಲು ಬಂದ ಗಂಡುಗಳು ವಾಪಸು ಹೋದರು, ಕಡೆಗೆ ಫ್ಯಾಕ್ಟರಿಯೇ ಆರಿಹೋಯಿತು. ಆಗ ತಮ್ಮ ತನ್ನ ಅಂಗಡಿಗೆ ಕರೆದುಕೊಂಡ. ಕೈಚುರುಕಿನ ಆಸಾಮಿ. "ಅಕ್ಕ, ನೀನು ರಿಪೇರಿ ಮಾಡ್ತೀಯೋ ತಪಸ್ಸು ಮಾಡ್ತೀಯೋ?" ಎಂದು ದಿನಕ್ಕೊಮ್ಮೆಯಾದರೂ ಕೆಣಕುವನು.

ಆ ಅಂಗಡಿಗೆ ನಾನು ಡ್ರಿಲ್ ಮೇಷ್ಟ್ರನ್ನು ಕರೆದೊಯ್ದದ್ದು ಒಂದು ಸೋಮವಾರ. ಮೇಷ್ಟ್ರು ನನ್ನ ಹಳೆಯ ಗೆಳೆಯರು. ಮೂವತ್ತು ವರ್ಷ ಮೈದಾನದಲ್ಲಿ ಸೀಟಿಯಿಲ್ಲದೆ ಕೆಲಸ ಮಾಡಿದವರು, ಗಂಟಲೇ ಸೀಟಿ. ಆ ಗಂಟಲಲ್ಲೀಗ ಗೆಡ್ಡೆ. ಶುಕ್ರವಾರ ಆಪರೇಷನ್. ಗೆಡ್ಡೆಯ ಜೊತೆಗೆ ದನಿಪೆಟ್ಟಿಗೆಯೂ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಷ್ಟರೊಳಗೆ ದಿನಬಳಕೆಯ ಮಾತುಗಳನ್ನು ಸ್ವಂತ ದನಿಯಲ್ಲಿ ಲ್ಯಾಪ್‌ಟಾಪಿಗೆ ತುಂಬಿಕೊಳ್ಳಿ, ಆಮೇಲೆ ಬೇಕಾದದ್ದನ್ನು ಒತ್ತಿ ಕೇಳಿಸಬಹುದು ಎಂದಿದ್ದರು. ಮೇಷ್ಟ್ರು ಮುನ್ನೂರು ವಾಕ್ಯಗಳ ಪಟ್ಟಿ ಮಾಡಿದ್ದರು.

ಐದು ವಾಕ್ಯ ಹೇಳಿದರೆ ಗಂಟಲು ಉರಿಯುತ್ತಿತ್ತು. ನೀರು ಗುಟುಕರಿಸಿ, ಹತ್ತು ನಿಮಿಷ ಬಾಯಿ ಮುಚ್ಚಿ ಕೂತು, ಮತ್ತೆ ಶುರುಮಾಡಲು ಹೋದರೆ ಲ್ಯಾಪ್‌ಟಾಪ್ ಮರಗಟ್ಟಿರುತ್ತಿತ್ತು. ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ. ಹೇಳಿದ್ದ ಐದೂ ನೀರುಪಾಲು. ಬೇರೊಂದು ಅಂಗಡಿಯವರು ಡಿಸ್ಕ್ ಸತ್ತಿದೆಯೆಂದು ಹೊಸತು ಹಾಕಿಕೊಟ್ಟರು. ಹೊಸತೂ ಹಾಗೇ ಮಾಡಿತು. ಪಟ್ಟಿಯಲ್ಲಿ ಟಿಕ್ ಬಿದ್ದದ್ದು ನಲವತ್ತಕ್ಕೆ. ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಅಕ್ಕನ ತಮ್ಮ ಸಂಜೆಯವರೆಗೆ ಪರೀಕ್ಷಿಸಿದ. "ಸಾರ್, ಡಿಸ್ಕ್ ಕಲ್ಲುಗುಂಡಿನ ಹಾಗಿದೆ. ಒಂದೇ ಒಂದು ತಪ್ಪು ತೋರಿಸ್ತಿಲ್ಲ."

ಮೇಷ್ಟ್ರು ಬರೀ ತಲೆಯಾಡಿಸಿದರು. ಮಾತಾಡಿದರೆ ಅದೂ ಖರ್ಚು.

ಅಕ್ಕ ಮೂಲೆಯಿಂದ ಕೇಳಿದರು: "ಇದು ಕೆಡುವಾಗ ನೀವೇನು ಮಾಡ್ತಾ ಇರ್ತೀರಿ?"

"ಏನೂ ಇಲ್ಲಮ್ಮ," ಮೇಷ್ಟ್ರು ಪಿಸುಗುಟ್ಟಿದರು. "ಸುಮ್ನೆ ಕೂತಿರ್ತೀನಿ."

"ನಾಳೆ ನಿಮ್ಮನೆಗೆ ಬರ್ತೀನಿ," ಎಂದರು ಅಕ್ಕ. "ನೀವು ಸುಮ್ನೆ ಕೂರೋದನ್ನ ನಾನು ನೋಡ್ಬೇಕು."

"ಸರಿಹೋಯ್ತು, ಜೋಡಿ ಸಿಕ್ತು ನಿಂಗೆ," ಎಂದ ತಮ್ಮ. ಯಾರೂ ನಗಲಿಲ್ಲ.

ಮಂಗಳವಾರ ಬೆಳಿಗ್ಗೆ ಹೋದೆವು. ಹಿಂಬದಿಯ ಸಣ್ಣ ಕೋಣೆ. ಬೀದಿಯ ಗದ್ದಲ ಬರದಂತೆ ಕಿಟಕಿಗೆ ದಪ್ಪ ಹೊದಿಕೆ ತೂಗುಹಾಕಿದ್ದರು, ಫ್ಯಾನು ಆರಿಸಿದ್ದರು. ಮೇಷ್ಟ್ರು ಲ್ಯಾಪ್‌ಟಾಪ್ ತೆರೆದು, ಚಾರ್ಜರಿನ ವೈರು ಕಿತ್ತು ಪಕ್ಕಕ್ಕಿಟ್ಟರು.

"ಅದ್ಯಾಕೆ ಕಿತ್ರಿ?"

"ಗುಂಯ್ ಅನ್ನುತ್ತಮ್ಮ. ರೆಕಾರ್ಡಿಂಗಲ್ಲಿ ಸೇರ್ಕೊಳ್ಳುತ್ತೆ."

ಅಕ್ಕ ಕನ್ನಡಕ ಒರೆಸಿಕೊಂಡು ಸ್ಟೂಲು ಎಳೆದುಕೊಂಡರು. ಮೇಷ್ಟ್ರು ಐದು ವಾಕ್ಯ ಹೇಳಿದರು, ನೀರು ಕುಡಿದರು, ಸುಮ್ಮನಾದರು. ನಾವೂ ಸುಮ್ಮನಾದೆವು. ಮೂರು ನಿಮಿಷ. ಐದು. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಆರನೆಯ ನಿಮಿಷದಲ್ಲಿ ಅಕ್ಕ ತಲೆಯಾಡಿಸಿ, "ಈಗ ಒತ್ತಿ," ಎಂದರು. ಮೇಷ್ಟ್ರು ಒತ್ತಿದರು. ಪರದೆ ಮರಗಟ್ಟಿತು.

"ಹೋಯ್ತಲ್ಲ, ಇವತ್ತಿನ ಐದೂ ಹೋಯ್ತಲ್ಲ," ಎನ್ನುತ್ತ ಮೇಷ್ಟ್ರ ಹೆಂಡತಿ ಒಳಗೆ ಬಂದರು. "ಅಕ್ಕ, ಇನ್ನೊಂದು ಸಲ ಅವರನ್ನ ಮಾತಾಡಿಸ್ಬೇಡಿ. ಉಳಿದಿರೋದೇ ಇಷ್ಟು."

"ಇಲ್ಲಮ್ಮ. ಇನ್ನು ಅವರು ಬಾಯಿ ತೆಗೆಯೋದೇ ಬೇಡ. ಇದಕ್ಕೆ ಬೇಕಿರೋದು ಮೌನ, ಅದು ನಮ್ಮೆಲ್ಲರ ಹತ್ರ ಇದೆ."

ಚಾರ್ಜರ್ ಸಿಕ್ಕಿಸಿ ಕಾಲು ಗಂಟೆ ಕೂತೆವು. ಕೆಡಲಿಲ್ಲ. ಕಿತ್ತು ಕೂತೆವು. ಏಳನೆಯ ನಿಮಿಷಕ್ಕೆ ಕೆಟ್ಟಿತು. ಅಕ್ಕನ ಮುಖದಲ್ಲಿ, ಅಂಥ ಮನೆಯಲ್ಲಿ, ಸಂತೋಷ ಕಂಡಿತು. ಕೂಡಲೇ ಅದನ್ನು ಒರೆಸಿಕೊಂಡರು.

ಕಾರಣ ಇಷ್ಟೇ. ಬ್ಯಾಟರಿ ಮೇಲಿದ್ದಾಗ ಕರೆಂಟು ಉಳಿಸಲೆಂದು ಲ್ಯಾಪ್‌ಟಾಪ್ ಕೆಲಸವಿಲ್ಲದ ಡಿಸ್ಕನ್ನು ಮಲಗಿಸುತ್ತದೆ. ಕರೆದಾಗ ಡಿಸ್ಕು ಏಳಬೇಕು. ಈ ಲ್ಯಾಪ್‌ಟಾಪಿನಲ್ಲಿ ಅದು ಏಳುತ್ತಿರಲಿಲ್ಲ, ಹಳೆಯದೂ ಅಷ್ಟೇ, ಹೊಸದೂ ಅಷ್ಟೇ. ಏಳದ ಡಿಸ್ಕನ್ನು ಲ್ಯಾಪ್‌ಟಾಪ್ ಇಲ್ಲವೆಂದೇ ಲೆಕ್ಕ ಹಾಕುತ್ತಿತ್ತು. ಅಂಗಡಿಗಳಲ್ಲಿ ಚಾರ್ಜರ್ ಸದಾ ಸಿಕ್ಕಿಸಿಯೇ ಇರುತ್ತದೆ, ಯಾರಾದರೊಬ್ಬರು ಮುಟ್ಟುತ್ತಲೇ ಇರುತ್ತಾರೆ. ಅಲ್ಲಿ ಅದಕ್ಕೆ ಮಲಗಲು ಪುರುಸೊತ್ತೆಲ್ಲಿ? ಮಲಗಿದ್ದು ಇಲ್ಲಿ, ಮೇಷ್ಟ್ರು ಗಂಟಲಿಗೆ ವಿಶ್ರಾಂತಿ ಕೊಟ್ಟಾಗಲೆಲ್ಲ.

ಅಕ್ಕ ಸೆಟ್ಟಿಂಗಿಗೆ ಹೋಗಿ, ಡಿಸ್ಕನ್ನು ಮಲಗಿಸುವ ಎರಡು ಆಯ್ಕೆಗಳನ್ನು ತೆಗೆದುಹಾಕಿದರು. ಕೆಲಸ ನಾಲ್ಕು ನಿಮಿಷದ್ದು. ಆಮೇಲೆ ಮುಕ್ಕಾಲು ಗಂಟೆ ನಮ್ಮನ್ನೆಲ್ಲ ಮುಟ್ಟಗೊಡದೆ ಕೂರಿಸಿದರು. ಒತ್ತಿದರೆ ಲ್ಯಾಪ್‌ಟಾಪ್ ತಟಕ್ಕನೆ ಓಗೊಟ್ಟಿತು.

ಆದರೂ ಅವರು ಹೊರಡಲಿಲ್ಲ. "ಇನ್ನೊಂದು ಕಾರಣ ಇದ್ರೆ?" ಎಂದು ಗುರುವಾರದವರೆಗೆ ದಿನವೂ ಬಂದು, ಮೇಷ್ಟ್ರ ಹೆಂಡತಿ ಕೊಟ್ಟ ಕಾಫಿ ಲೋಟ ಹಿಡಿದು ಅದೇ ಸ್ಟೂಲಿನಲ್ಲಿ ಕೂತರು. ಮೇಷ್ಟ್ರು ಐದು ಹೇಳುವರು, ಆಮೇಲೆ ನಾಲ್ಕು, ಆಮೇಲೆ ಎರಡು. ಗುರುವಾರ ಮಧ್ಯಾಹ್ನ ಒಂದು ವಾಕ್ಯದ ನಡುವೆ ದನಿ ಬರೀ ಗಾಳಿಯಾಯಿತು. ಪಟ್ಟಿಯಲ್ಲಿ ಎಪ್ಪತ್ತೆಂಟು ಉಳಿದಿದ್ದವು. ಮೇಷ್ಟ್ರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಆ ದಿನಗಳಲ್ಲಿ ಡಿಸ್ಕು ಒಮ್ಮೆಯೂ ತಪ್ಪಲಿಲ್ಲ.

ಎರಡು ತಿಂಗಳ ಮೇಲೆ ಮೇಷ್ಟ್ರು ಕುತ್ತಿಗೆಗೆ ಬಿಳಿಯ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಬಂದರು, ಜೊತೆಗೆ ಹೆಂಡತಿ, ನಾನು. ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಒಂದು ಕೀಲಿ ಒತ್ತಿದರು. "ಏಯ್, ಸಾಲಲ್ಲಿ ನಿಲ್ಲೋ ದಾಂಡಿಗ!" ಎಂದಿತು ಅದು. ಕೌಂಟರಿನ ಗಿರಾಕಿಗಳು ನಿಜಕ್ಕೂ ಸಾಲಾಗಿ ನಿಂತರು. ಅಕ್ಕನ ತಮ್ಮನೂ ನೆಟ್ಟಗಾದ.

ಮೇಷ್ಟ್ರು ನಗಲಿಲ್ಲ. ಅವರ ಮನಸ್ಸಿನಲ್ಲಿ ಬೇರೆಯದೇ ಕೊರೆಯುತ್ತಿತ್ತು. ತಮ್ಮ ದನಿ ಹೊರಗಿನವರಿಗೆ ಹೇಗೆ ಕೇಳುತ್ತಿತ್ತೆಂದು ತಮಗೇ ಗೊತ್ತಿಲ್ಲ. ಈ ಲ್ಯಾಪ್‌ಟಾಪಿನದು ಯಾರದೋ ದನಿಯಂತೆ ಕೇಳುತ್ತದೆ. ಹೆಂಡತಿಯನ್ನು ಕೇಳಿದರೆ ನಿಮ್ಮದೇ ಎನ್ನುತ್ತಾಳೆ, ನನ್ನನ್ನು ಕೇಳಿದರೆ ನಾನೂ ಅದನ್ನೇ ಅನ್ನುತ್ತೇನೆ. ಸಮಾಧಾನಕ್ಕೆ ಹೇಳುತ್ತೇವೆಂದು ಅವರ ಅನುಮಾನ. ಹಂಗಿಲ್ಲದೆ ಕೇಳಿದವರೆಂದರೆ ಅಕ್ಕ ಒಬ್ಬರೇ, ಮೂರು ದಿನ, ಮಾರು ದೂರದಲ್ಲಿ ಕೂತು.

ಮೇಷ್ಟ್ರು ಚೀಟಿಯ ಮೇಲೆ ಬರೆದು ಅಕ್ಕನತ್ತ ತಿರುಗಿಸಿದರು: "ನಿಜ ಹೇಳಮ್ಮ. ನನ್ನ ದನಿ ಹೀಗೇ ಇತ್ತಾ?"

ಅಕ್ಕ ಓದಿದರು. ಕನ್ನಡಕ ತೆಗೆದರು, ಹಾಕಿಕೊಂಡರು.

"ಗೊತ್ತಿಲ್ಲ ಸಾರ್," ಎಂದರು. "ನೀವು ಮಾತಾಡುವಾಗೆಲ್ಲ ನಾನು ಕಾಫಿ ಕುಡೀತಿದ್ದೆ. ನೀವು ನಿಲ್ಲಿಸಿದ ಮೇಲೇ ನಂಗೆ ಕೆಲಸ."