ಮಾಸ್ತರರ ಪಿಟೀಲಿಗೆ ಮೈಕ್ ಇಟ್ಟದ್ದು

ಆಗ ನನಗೆ ಅರವತ್ತೊಂದು. ಐದು ವರ್ಷದ ಹಿಂದಿನ ಮಾತು. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು, ಕಟ್ಟಡದ ಕೆಲಸದಲ್ಲಿ ಬೆನ್ನು ಹೋದ ಮೇಲೆ ನಾನು ಹಿಡಿದದ್ದು ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ಉಣಿಸುವುದು, ಮೈ ತೊಳೆಯುವುದು, ಮಲಗಿಸುವುದು. ಆ ವರ್ಷ ಸುಲ್ತಾನ್ ಬಜಾರ್ ಹಿಂದಿನ ಗಲ್ಲಿಯ ಒಬ್ಬ ಪಿಟೀಲು ಮಾಸ್ತರರನ್ನು ನೋಡಿಕೊಳ್ಳುತ್ತಿದ್ದೆ. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಶ್ವಾಸಕೋಶ ಕೆಟ್ಟು ಮೂಗಿಗೆ ಪೈಪ್ ಬಿದ್ದಿತ್ತು. ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಯಂತ್ರ ಪಕ್ಕದಲ್ಲೇ ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು.

ಅವರು ಜೀವಮಾನವಿಡೀ ಹಾಡುವವರ ಪಕ್ಕದಲ್ಲಿ ಕೂತು ನುಡಿಸಿದವರು. ಯಾವ ರೆಕಾರ್ಡಿಂಗಿನಲ್ಲೂ ಅವರ ಪಿಟೀಲು ಬೇರೆಯವರ ದನಿಯ ಕೆಳಗೇ. ಸಾಯುವ ಮುಂಚೆ ತಮ್ಮದೊಂದೇ ಪಿಟೀಲಿರುವ ಒಂದು ರೆಕಾರ್ಡಿಂಗ್ ಬೇಕು ಎಂದು ಹಟ ಹಿಡಿದರು. ದಿನಾ ಬೆಳಿಗ್ಗೆ ಸ್ವಲ್ಪ ನುಡಿಸುತ್ತಿದ್ದರು. ಚೆನ್ನಾಗಿಯೇ ಕೇಳುತ್ತಿತ್ತು.

ಅವರ ಶಿಷ್ಯೆ ಮಾಲಿನಿ ಮಾದಾಪುರದಲ್ಲಿ ಕೆಲಸಕ್ಕಿದ್ದಳು. ಒಂದು ಭಾನುವಾರ ಎರಡು ಮೈಕ್ ತಂದಳು. ಒಂದು ಕಂಡೆನ್ಸರ್, ಸಣ್ಣ ಸದ್ದನ್ನೂ ಬಿಡದೆ ಹಿಡಿಯುವಂಥದ್ದು. ಇನ್ನೊಂದು ಡೈನಮಿಕ್, ಹತ್ತಿರದ್ದನ್ನೇ ಹೆಚ್ಚು ಕೇಳುತ್ತದೆ, ಆದರೆ ಪಿಟೀಲಿನ ದನಿ ಮಂಕು. ಮೊದಲು ಕಂಡೆನ್ಸರನ್ನು ಪಿಟೀಲಿನಿಂದ ಒಂದು ಮೊಳ ಮೇಲೆ ನಿಲ್ಲಿಸಿದಳು. ಕಮಾನು ತಂತಿಯನ್ನು ಕೆರೆಯುವುದೇ ಕೇಳಿತು. ಎರಡು ಮಾರು ದೂರ ಇಟ್ಟಳು. ಪಿಟೀಲಿಗಿಂತ ಯಂತ್ರವೇ ಜೋರು. ಯಂತ್ರವನ್ನು ಅಡುಗೆಮನೆಗೆ ಒಯ್ದು ಉದ್ದ ಪೈಪ್ ಹಾಕಿದೆ. ಅಲ್ಲಿಂದಲೂ ಸದ್ದು ಬಂತು.

“ಇದನ್ನ ಬಂದ್ ಮಾಡಬೇಕ್ರಿ ಸರ್,” ಅಂದಳು.

“ಅದು ಬಂದ್ ಆದ್ರ ನಾನೂ ಬಂದ್,” ಅಂದರು ಮಾಸ್ತರರು.

ಮುಂದಿನ ಭಾನುವಾರ ಜೀಡಿಮೆಟ್ಲಾದಿಂದ ಆಕ್ಸಿಜನ್ ಸಿಲಿಂಡರ್ ತರಿಸಿದಳು. ಅದರದ್ದು ಸದ್ದೇ ಇಲ್ಲವೆನ್ನಬೇಕು. ಕಿಟಕಿ ಮುಚ್ಚಿ ಗೋಡೆಗೆ ಕೌದಿ ಇಳಿಬಿಟ್ಟೆವು. ಕಂಡೆನ್ಸರನ್ನು ಒಂದು ಮಾರು ದೂರ, ಎತ್ತರದಿಂದ ಪಿಟೀಲಿನ ಕಡೆ ಬಗ್ಗಿಸಿ ಇಟ್ಟಳು. ಮೂಗಿನ ಪೈಪನ್ನು ಸಿಲಿಂಡರಿಗೆ ಹಾಕಿ ನಾನು ಯಂತ್ರ ನಿಲ್ಲಿಸಿದೆ.

ಮಾಸ್ತರರು ನುಡಿಸಿದರು. ಕಮಾನು ನಡುಗುವುದು ಕೇಳಿತು, ಪ್ರತಿ ಎಳೆತದಲ್ಲೂ. ಇಷ್ಟು ದಿನ ಯಂತ್ರದ ಸದ್ದು ಅದನ್ನು ಮುಚ್ಚಿತ್ತು. ಅವರ ಕಿವಿಗೂ, ನಮ್ಮ ಕಿವಿಗೂ.

ಮಾಲಿನಿ ಮೈಕ್ ಹಿಂದೆ ಸರಿಸಿದಳು. ಪಕ್ಕಕ್ಕೆ ತಿರುಗಿಸಿದಳು. ಡೈನಮಿಕ್ ಹಾಕಿದಳು. ದನಿ ಮಂಕಾಯಿತು, ನಡುಕ ಹಾಗೇ ಇತ್ತು. ಮಾಸ್ತರರೂ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಾದದ್ದನ್ನು ಕೇಳಿದರು.

“ಮೈಕ್ ಸರಿ ಇಲ್ರಿ ಸರ್, ಬ್ಯಾರೆ ತರ್ತೀನಿ,” ಅಂದಳು.

ಮಾಸ್ತರರು ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದರು. “ಸಾಬಮ್ಮ, ಇಕಿ ಸುಳ್ಳು ಹೇಳಾಕತ್ತಾಳ. ನೀ ಹೇಳು. ಕೈ ನಡಗತೈತಿ ಹೌದಲ್ಲ?”

“ಹೌದ್ರಿ. ಭಾಳ ನಡಗತೈತಿ. ಉಣ್ಣಾಗ ಸಾರು ಅಂಗಿ ಮ್ಯಾಲ ಚೆಲ್ಲತೀರಿ, ಒಗಿಯಾಕಿ ನಾನ ಅಲ್ಲೇನ್ರಿ.”

ನಕ್ಕರು. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅಂದರು: “ಕಮಾನು ಹಿಡಿದಾಗ ನಡುಕ ನಿಲ್ಲತೈತಿ ಅನಕೊಂಡಿದ್ದೆ.” ಆಮೇಲೆ ಮಾಲಿನಿಗೆ, “ಎಲ್ಲಾ ಡಿಲೀಟ್ ಮಾಡವ್ವ.”

ಅವಳು ಮಾಡಿದಳು. ಸಿಲಿಂಡರ್ ತೆಗೆದು ಮತ್ತೆ ಯಂತ್ರ ಹಚ್ಚಿದೆ.

ರೋಗಿ ನೇರ ಕೇಳಿದರೆ ಇದ್ದದ್ದನ್ನೇ ಹೇಳಬೇಕು ಎಂದು ಆ ಕೆಲಸ ನನಗೆ ಕಲಿಸಿತು. ಹೇಳಿದ್ದರಿಂದ ಒಳ್ಳೆಯದಾಗುತ್ತದೆ ಅಂತಲ್ಲ. ಅವರಿಗೆ ಏನೂ ಒಳ್ಳೆಯದಾಗಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಕೂರಿಸಿದೆ. ನೆಲದ ಮೇಲೆ ಕೂತು ನುಡಿಸುವಾಗ ಪಿಟೀಲಿನ ತುದಿಯನ್ನು ಊರಿ ಊರಿ ಅವರ ಬಲಗಾಲಿನ ಹರಡಿನ ಹತ್ತಿರ ಚರ್ಮ ಗಂಟುಗಟ್ಟಿತ್ತು. ಅದು ಸವೆದರೆ ಪಿಟೀಲು ಊರಿದಾಗ ನೋಯುತ್ತದೆ ಎಂದು ಒಂದು ದಿನವೂ ಉಜ್ಜಲು ಬಿಟ್ಟವರಲ್ಲ. ಅಂದು ಬಿಸಿನೀರಲ್ಲಿ ನೆನೆಸಿ ಕಲ್ಲಿನಿಂದ ಉಜ್ಜಿದೆ. ಅವರು ಕಾಲು ಎಳೆದುಕೊಳ್ಳಲಿಲ್ಲ.