ಕಪ್ಪುಕುಳಿಯ ಹಳೆಯ ಊಟ, ನಮ್ಮ ಹಸುವಿನ ಹಾಲು

ನನ್ನ ಕಸುಬೇ ಅನುಮಾನ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಆಕಾಶದ ಮೇಲೆ ಅನುಮಾನ ಪಡುತ್ತೇನೆ. ಅದಕ್ಕೆ ಸಂಬಳ ಕೊಡುತ್ತಾರೆ. ಅಮ್ಮನಿಗೆ ಸಂಬಳವಿಲ್ಲ, ಆದರೂ ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಸೊಪ್ಪಿನವನ ತಕ್ಕಡಿ, ಬೂದಿಕೋಟೆ ಬಸ್ಸಿನ ಕಂಡಕ್ಟರ್ ಕೊಡುವ ಚಿಲ್ಲರೆ, ಪಕ್ಕದ ಮನೆಯವಳ ನಗು, ಯಾವುದನ್ನೂ ಆಕೆ ಹಾಗೇ ಬಿಟ್ಟವಳಲ್ಲ.

ಏನು ಕೆಲಸ ಅಂತ ಒಮ್ಮೆ ಕೇಳಿದಾಗ ತಿಳಿಯುವ ಹಾಗೆ ಹೇಳಿದ್ದೆ. ನಮ್ಮ ಆಕಾಶಗಂಗೆಯ ನಟ್ಟನಡುವೆ ಒಂದು ಭಾರೀ ಕಪ್ಪುಕುಳಿ ಇದೆ. ಈಗ ಅದು ಹೆಚ್ಚುಕಮ್ಮಿ ತೆಪ್ಪಗಿದೆ. ಆದರೆ ಅದರ ಆಸುಪಾಸಿನ ಅನಿಲದ ಮೋಡಗಳು ಎಕ್ಸ್-ರೇಯಲ್ಲಿ ಹೊಳೆಯುತ್ತವೆ. ನೂರಾರು ವರ್ಷಗಳ ಹಿಂದೆ ಕುಳಿ ಏನನ್ನೋ ನುಂಗಿದಾಗ ಅದರ ಸುತ್ತ ಧಗ್ಗನೆ ಉರಿದಿರಬೇಕು. ನೇರವಾಗಿ ನಮ್ಮ ಕಡೆ ಹೊರಟ ಎಕ್ಸ್-ರೇ ಎಂದೋ ದಾಟಿಹೋಯಿತು. ಮೋಡಕ್ಕೆ ತಗುಲಿ ಸುತ್ತಿ ಬಂದದ್ದು ಈಗ ತಲುಪುತ್ತಿದೆ. ಅದನ್ನು ನೋಡಿ ಕುಳಿಯ ಹಳೆಯ ಊಟವನ್ನು ಪತ್ತೆ ಮಾಡುವುದೇ ನನ್ನ ಕೆಲಸ. ಅದು ತಿಂದಿದ್ದನ್ನು ಕಂಡವರು ಯಾರು ಎಂದಳು ಅಮ್ಮ. ಯಾರೂ ಇಲ್ಲ ಎಂದೆ. ಹಾಗಾದರೆ ಬರೀ ಮೋಡದ ಮಾತು ಕೇಳಿಕೊಂಡು ಕುಣಿಯಬೇಡ ಎಂದು ಎದ್ದು ಹೋದಳು.

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನಿಂದ ಅದೇ ರೈಲಿನಲ್ಲಿ ಬರುವ ನನ್ನ ಸಹೋದ್ಯೋಗಿಯೂ ಅಮ್ಮನ ಕಡೆಯೇ. ವೇಗದ ಕಣಗಳು ಬಡಿದರೂ ಮೋಡದಲ್ಲಿರುವ ಕಬ್ಬಿಣ ಅದೇ ಎಕ್ಸ್-ರೇ ಸೂಸುತ್ತದೆ, ಸುಮ್ಮನೆ ಕುಳಿಯ ತಲೆಗೆ ಯಾಕೆ ಕಟ್ಟುತ್ತೀರಿ ಎಂದು ತಮಿಳು ಕನ್ನಡ ಬೆರೆಸಿ ದಾರಿಯುದ್ದಕ್ಕೂ ಕಾಡುತ್ತಾನೆ. ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಅದಕ್ಕೆ ಉತ್ತರ. ಕೆಲವೇ ವರ್ಷಗಳಲ್ಲಿ ಹೊಳಪು ಮೋಡದ ಈ ಕಡೆಯಿಂದ ಆ ಕಡೆಗೆ ಸರಿದು, ಬಿಟ್ಟುಬಂದ ಜಾಗ ಮಂಕಾಗಿದ್ದರೆ, ಹಾದುಹೋಗುತ್ತಿರುವುದು ಬೆಳಕು. ಕಣಗಳ ಹೊಳಪು ಅಷ್ಟು ಬೇಗ ಸರಿಯುವುದಿಲ್ಲ. ನನ್ನ ಚಿತ್ರಗಳಲ್ಲಿ ಅದು ಸರಿದಂತೆಯೇ ಕಾಣುತ್ತಿತ್ತು. ಆದರೂ ನಾನು ಬಾಯಿ ಬಿಟ್ಟಿರಲಿಲ್ಲ, ಯಾಕೆಂದರೆ ಎಲ್ಲಕ್ಕಿಂತ ಮೊದಲು ನಮ್ಮ ದೂರದರ್ಶಕವನ್ನೇ ಅನುಮಾನಿಸಬೇಕು. ವಯಸ್ಸಾದಂತೆ ಅದರ ಕಣ್ಣೂ ಮಂಜಾಗುತ್ತದೆ. ಮೊದಲು ಮನೆಯೊಳಗೆ ಹುಡುಕಿ, ಆಮೇಲೆ ಹೊರಗಿನವರ ಮೇಲೆ ಹೇಳಿ ಎಂದು ಹೊಸದಾಗಿ ಸೇರಿದವರಿಗೆ ನಾನೇ ಪಾಠ ಮಾಡುತ್ತೇನೆ.

ಹೋದ ಮಳೆಗಾಲದಲ್ಲಿ ಊರಿನ ಡೈರಿಯಲ್ಲಿ ನಮ್ಮ ಹಾಲಿನ ಡಿಗ್ರಿ, ಅಂದರೆ ಗಟ್ಟಿತನದ ಅಳತೆ, ಇಳಿಯಿತು. ಹಾಲು ಕರೆಯುವವಳು ಅಮ್ಮ, ಸ್ಟೇಷನ್ನಿಗೆ ಹೋಗುತ್ತಾ ಸ್ಕೂಟರಿನಲ್ಲಿ ಕ್ಯಾನು ಮುಟ್ಟಿಸುವವಳು ನಾನು. ಸೆಕ್ರೆಟರಿ ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ತೇಲಿಬಿಟ್ಟು, ಎತ್ತಿ ಇನ್ನೊಮ್ಮೆ ಬಿಟ್ಟು ನೋಡಿದರು. ಮಾರನೆಯ ದಿನವೂ ಅದೇ ಕಥೆ. ಅದರ ಮಾರನೆಯ ದಿನ, ನೀರು ಬೆರೆತ ಹಾಲು ಇನ್ನು ಹಾಕಿಸಿಕೊಳ್ಳುವುದಿಲ್ಲ ಎಂದು ಸಾಲಿನಲ್ಲಿದ್ದವರೆಲ್ಲರ ಎದುರಿಗೇ ಹೇಳಿ ಕ್ಯಾನು ವಾಪಸು ಕೊಟ್ಟರು.

ನಮ್ಮೂರಿನಲ್ಲಿ ಹಾಲಿಗೆ ನೀರು ಹಾಕುವ ಮನೆ ಎಂದು ಹೆಸರು ಬಿದ್ದರೆ ಅದು ತೊಳೆದರೂ ಹೋಗದು. ಅಮ್ಮ ಊಟ ಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಸೆಕ್ರೆಟರಿಯ ಮೇಲೆ ಅನುಮಾನ ಬಂತು, ಅವರ ಲ್ಯಾಕ್ಟೋಮೀಟರಿನ ಮೇಲೆ ಬಂತು, ಸಾಲಿನಲ್ಲಿ ನನ್ನ ಹಿಂದೆ ನಿಂತು ಕಿಸಕ್ಕೆಂದ ಪಕ್ಕದ ಮನೆಯವಳ ಮೇಲಂತೂ ಬಂದೇ ಬಂತು.

ಮರುದಿನ ಬೆಳಿಗ್ಗೆ ನೋಡಿದರೆ ಅಮ್ಮ ಹಸುವನ್ನೇ ಡೈರಿಗೆ ಹೊಡೆದುಕೊಂಡು ಹೊರಟಿದ್ದಾಳೆ. ಎಲ್ಲರ ಕಣ್ಣೆದುರಿಗೆ ಹಾಲು ಕರೆಸಿ ನೋಡುವುದು ಡೈರಿಯವರಿಗೆ ಹೊಸದೇನಲ್ಲ. ಆದರೆ ಹಾಲು ಹಾಕುವವರೇ ಬಂದು ಪರೀಕ್ಷೆ ಮಾಡಿ ಎಂದದ್ದನ್ನು ನಾನು ಕಂಡಿರಲಿಲ್ಲ. "ಕ್ಯಾನು ಒಣಗಿದ್ಯೋ ಇಲ್ವೋ ಕೈ ಆಕಿ ನೋಡ್ರಪ್ಪ," ಎಂದು ಅಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯತೊಡಗಿದಳು. ರೈಲು ತಪ್ಪಿದರೆ ತಪ್ಪಲಿ ಎಂದು ನಾನೂ ನಿಂತೆ. ಕ್ಯಾನು ಹಿಡಿಯಲು ಹತ್ತಿರ ಹೋದರೆ ದೂರ ನಿಲ್ಲು ಎಂದು ಕಣ್ಣು ಬಿಟ್ಟಳು. ಹಸು ಬೆದರುತ್ತದೆ ಅಂತಿರಬೇಕು ಎಂದುಕೊಂಡೆ.

ಎಲ್ಲರೆದುರು ಕರೆದ ಆ ಹಾಲಿನ ಡಿಗ್ರಿಯೂ ಅಷ್ಟೇ ಕಮ್ಮಿ. ಸೆಕ್ರೆಟರಿ ಹಸುವಿನ ಮೈ ಸವರಿ, ಇದಕ್ಕೆ ಈಚೆಗೆ ಜ್ವರ ಬಂದಿತ್ತೇ ಎಂದು ಕೇಳಿದರು. ಮಳೆ ಶುರುವಾದಾಗ ಬಂದಿತ್ತು, ನಾಲ್ಕು ದಿನ ಮೇವು ಮುಟ್ಟಿರಲಿಲ್ಲ, ಈಗ ಚೆನ್ನಾಗಿಯೇ ತಿನ್ನುತ್ತಿದೆ ಎಂದಳು ಅಮ್ಮ. ಮೇಲೆ ಚೆನ್ನಾಗಿ ಕಂಡರೂ ಆ ಜ್ವರದ ಬಳಲಿಕೆ ಹಾಲಿನಲ್ಲಿ ಇನ್ನೂ ಇರಬೇಕು, ಹಿಂಡಿ ಜಾಸ್ತಿ ಕೊಡಿ ಎಂದು ಹೇಳಿ, ಅವರೇ ಕ್ಯಾನು ಎತ್ತಿ ಹಾಲು ಸುರಿದುಕೊಂಡರು.

ವಾಪಸು ಬರುವಾಗ ನಾನು ಹಿಗ್ಗಿಹೋಗಿದ್ದೆ. ಕಪ್ಪುಕುಳಿಯನ್ನು ಹೀಗೆ ಹಗ್ಗ ಹಾಕಿ ಎಳೆದು ತರಲಾಗುವುದಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸೆಕ್ರೆಟರಿಯ ಬಾಯಿ ಚೆನ್ನಾಗಿ ಮುಚ್ಚಿಸಿದೆ ಬಿಡಮ್ಮ ಎಂದೆ. ಅಮ್ಮ ಹಗ್ಗ ಹಿಡಿದು ಮುಂದೆ ನೋಡಿಕೊಂಡೇ ನಡೆಯುತ್ತಿದ್ದಳು.

"ಅವನಿಗೋಸ್ಕರ ಅಲ್ಲ ಕಣೇ. ನಾನು ನೀರು ಆಕಿಲ್ಲ ಅಂತ ನಂಗೊತ್ತಿತ್ತು. ಮನೆಯಿಂದ ಡೈರಿಗಂಟ ಕ್ಯಾನು ನಿನ್ನ ಕೈಲಿರ್ತಿತ್ತು."

ಯಾರ್ಯಾರನ್ನೋ ಅನುಮಾನಿಸಿದ್ದ ನನಗೆ ನನ್ನ ಹೆಸರು ಮಾತ್ರ ಹೊಳೆದಿರಲಿಲ್ಲ. ಕೋಪ ಬಂತು, ಅಳುವೂ ಬಂತು. ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ.

"ಆಕದಿದ್ರೂ ಇಲ್ಲ ಅಂತಿದ್ದೆ, ಆಕಿದ್ರೂ ಇಲ್ಲ ಅಂತಿದ್ದೆ. ಕೇಳಿ ಏನು ಮಾಡ್ಲಿ?"

ಮನೆಗೆ ಬಂದು ಅಮ್ಮ ಮುದ್ದೆ ಮುರಿದು ಹೊಟ್ಟೆ ತುಂಬ ಉಂಡಳು. ಆಕೆ ಊಟ ಬಿಟ್ಟದ್ದು ಊರಿನವರ ಮಾತಿಗಲ್ಲ ಎಂದು ನನಗೆ ಆಗ ಗೊತ್ತಾಯಿತು. ಎದುರಿಗೆ ಕೂತ ನನಗೆ ಒಂದು ತುತ್ತೂ ಇಳಿಯಲಿಲ್ಲ.