ಎಡೆಯ ಮೇಲಿನ ಹನ್ನೊಂದು ಮಾತ್ರೆ

ಫರ್ಹತ್ ಸಿಸ್ಟರ್ ಬ್ಯಾಗಿನಲ್ಲಿ ಎರಡು ಇಂಜೆಕ್ಷನ್ ಸದಾ ಇರುತ್ತವೆ ಎಂಬುದು ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಬಳಸದ ಔಷಧ. ಅವಧಿ ಮುಗಿದಾಗ ಎಸೆಯುವುದು, ಡಾಕ್ಟರ ಮುಂದೆ ನಿಂತು ಹಟ ಮಾಡಿ ಹೊಸದನ್ನು ಬರೆಸಿಕೊಳ್ಳುವುದು. "ಇದು ನಿಮ್ಮ ತಾಯಿತ ಕಣಮ್ಮ, ದಾರ ಪೋಣಿಸಿ ಕತ್ತಿಗೆ ಕಟ್ಕಳಿ" ಎಂದು ಮೊದಲು ಆಡಿಕೊಂಡವನು ನಾನೇ. ನಾನು ರವೀಂದ್ರ, ಆಸ್ಪತ್ರೆಯ ಜೀಪಿನ ಡ್ರೈವರು. ನನ್ನ ಬಾಯಿಗೆ ಬೀಗ ಇಲ್ಲ ಎಂದು ಹೆಂಡತಿಯೂ ಹೇಳುತ್ತಾಳೆ. ಎದುರಿಗೆ ಸಿಸ್ಟರ್ ಎಂದು ಕರೆದರೂ ಫರ್ಹತ್ ನನ್ನ ಕೊನೆಯ ತಂಗಿಯ ವಯಸ್ಸಿನವಳು; ಇಲ್ಲಿ ಅವಳು ಎಂದೇ ಬರೆಯುತ್ತೇನೆ.

ನಮ್ಮದು ಕೆ.ಆರ್. ಪೇಟೆಯ ಸಣ್ಣ ಆಸ್ಪತ್ರೆ. ಗುಣವಾಗದ ಕ್ಯಾನ್ಸರ್ ಇರುವವರ ಮನೆಗೇ ಹೋಗಿ ನೋವು ನೋಡಿಕೊಳ್ಳುವುದು ಫರ್ಹತ್ ಕೆಲಸ, ಅವಳನ್ನು ಕರೆದೊಯ್ಯುವುದು ನನ್ನದು. ಆ ನೋವಿಗೆ ಮಾರ್ಫಿನ್ ಮಾತ್ರೆ. ಅದು ಮೆಡಿಕಲ್ ಸ್ಟೋರಿಗೆ ಹೋಗಿ ಕೇಳಿದರೆ ಸಿಗುವಂಥದ್ದಲ್ಲ. ಅನುಮತಿ ಪಡೆದ ಆಸ್ಪತ್ರೆ ಮಾತ್ರ ಇಡಬಹುದು, ಡಾಕ್ಟರು ಬರೆಯಬೇಕು, ಒಂದೊಂದು ಮಾತ್ರೆ ಯಾರ ಹೊಟ್ಟೆಗೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಇರಬೇಕು. ರೋಗಿ ತೀರಿಕೊಂಡರೆ ಉಳಿದದ್ದನ್ನು ನಾವು ವಾಪಸ್ಸು ತರುತ್ತೇವೆ.

ಈ ವಿಷಯದಲ್ಲಿ ಫರ್ಹತ್ ಬಲು ಬಿಗಿ. ಅದಕ್ಕೆ ಕಾರಣವಿದೆ. ನಾಗಮಂಗಲದಲ್ಲಿ ಲಾರಿ ಓಡಿಸುತ್ತಿದ್ದ ಅವಳ ತಂದೆ ಶಹಾಬುದ್ದೀನ್ ಗಂಟಲು ಕ್ಯಾನ್ಸರಿನಿಂದ ಹೋದರು. ಆಗ ಸುತ್ತಮುತ್ತ ಎಲ್ಲೂ ಈ ಮಾತ್ರೆ ಕೊಡುವವರಿರಲಿಲ್ಲ. ಹನ್ನೆರಡು ದಿನ ಗೋಡೆಗೆ ತಲೆ ಚಚ್ಚಿಕೊಂಡು ಸತ್ತರಂತೆ.

"ಲೆಕ್ಕ ತಪ್ಪಿದ್ರೆ ಅನುಮತಿ ಓಯ್ತದೆ ರವಿಯಣ್ಣ" ಎನ್ನುತ್ತಿದ್ದಳು. "ಅನುಮತಿ ಓದ್ರೆ ಮೂವತ್ತು ಮನೇಲಿ ನಮ್ಮ ಅಬ್ಬಾನಂಗೆ ಕಿರುಚ್ಕಂಡು ಸಾಯ್ಬೇಕು."

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಮಾಕವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಕರಿಯಪ್ಪ ತೀರಿಕೊಂಡ. ಬಾಯಿ ಕ್ಯಾನ್ಸರ್. ಅವನ ಹೆಂಡತಿ ಸೋಮಮ್ಮನ ಹತ್ತಿರ ಹನ್ನೊಂದು ಮಾತ್ರೆ ಉಳಿದಿದ್ದವು. ಮರುದಿನವೇ ಹೋಗಬೇಕಿತ್ತು, ಆದರೆ ನನ್ನ ಜೀಪಿನ ಕ್ಲಚ್ ಕೈಕೊಟ್ಟಿತು. ಹೋದದ್ದು ಮೂರನೆಯ ದಿನ, ಸರಿಯಾಗಿ ಹಾಲುತುಪ್ಪದ ಹೊತ್ತಿಗೆ. ನೆಂಟರಿಷ್ಟರೆಲ್ಲ ಕಬ್ಬಿನ ಗದ್ದೆಯಂಚಿನ ಸಮಾಧಿಗೆ ಹಾಲು ಬಿಟ್ಟು, ಎಡೆ ಇಟ್ಟು, ಕಾಗೆಗೆ ಕಾದು ಮುಗಿಸಿದ್ದರು.

ಫರ್ಹತ್ ಮೆಲ್ಲಗೆ ಮಾತ್ರೆ ಕೇಳಿದಳು. ಸೋಮಮ್ಮ ಸಮಾಧಿಯತ್ತ ಕೈ ತೋರಿಸಿದಳು.

"ಅಲ್ಲೇ ಎಡೇಗೆ ಇಕ್ಕಿವ್ನಿ ಕಣವ್ವ."

ಬಾಳೆ ಎಲೆಯ ಮೇಲೆ ಮುದ್ದೆ, ಅವರೆಕಾಳು ಸಾರು, ಬೀಡಿ ಕಟ್ಟು, ಬ್ರಾಂದಿಯ ಕ್ವಾಟರ್ ಬಾಟಲಿ. ಪಕ್ಕದಲ್ಲಿ ನಮ್ಮ ಮಾತ್ರೆಗಳು. ನನಗೆ ನಗು ಬಂತು, ತಡೆದುಕೊಂಡೆ.

"ಬಾಯಿ ಉಣ್ಣಾದ ಮ್ಯಾಲೆ ಊಟ ಇಲ್ಲ, ಬೀಡಿ ಇಲ್ಲ" ಎಂದಳು ಸೋಮಮ್ಮ. "ಕೊನೇ ತಿಂಗ್ಳು ಅವ್ರು ಬಾಯ್ಬುಟ್ಟು ಕೇಳಿದ್ದು ಆ ಮಾತ್ರೆ ಒಂದ್ನೇ. ಅದ್ನ ಇಕ್ದೆ ಎಂಗಿರ್ಲವ್ವ?"

ಬೈಯುತ್ತಾಳೆ ಎಂದುಕೊಂಡೆ. ಫರ್ಹತ್ ಆ ಮುದುಕಿಯ ಬೆನ್ನು ಸವರಿ, ಚಪ್ಪಲಿ ಬಿಟ್ಟು, ಸಮಾಧಿಗೆ ತಲೆಬಾಗಿ ಮಾತ್ರೆ ಎತ್ತಿಕೊಂಡಳು. ಎಣಿಸಿದಳು. ಏಳು. ಮತ್ತೆ ಎಣಿಸಿದಳು. ಆಮೇಲೆ ಅವಳ ಕಣ್ಣು ಬ್ರಾಂದಿ ಬಾಟಲಿಯ ಮೇಲೆ ಬಿತ್ತು. ಅದು ಖಾಲಿಯಾಗಿತ್ತು.

"ಇದ್ನ ಕುಡ್ದೋರು ಯಾರು?"

ನಾಲ್ಕಾರು ಜನ ನಕ್ಕರು. ಇನ್ನಾರು, ಕುಳ್ಳಯ್ಯನೇ. ಸೋಮಮ್ಮನ ಅಣ್ಣ, ಹೇಮಗಿರಿ ಕಡೆಯವನು, ಲಾರಿಗೆ ಕಬ್ಬು ಹೊತ್ತು ಹೊತ್ತು ಸೊಂಟ ಕಳೆದುಕೊಂಡವನು. ಹೊಂಗೆ ಮರದ ಕೆಳಗೆ ಅಂಗಾತ ಮಲಗಿದ್ದ.

"ಮನಿಕ್ಕಂಡವ್ನೆ ಬುಡಿ ಸಿಸ್ಟ್ರೇ, ಗೊರ್ಕೆ ಕೇಳಲ್ವ?" ಎಂದ ಒಬ್ಬ.

ಆ ಗೊರಕೆ ಕೇಳಿಯೇ ಫರ್ಹತ್ ಓಡಿದ್ದು. ತುಟಿ ನೀಲಿಗಟ್ಟಿತ್ತು. ರೆಪ್ಪೆ ಎತ್ತಿ ನೋಡಿದರೆ ಪಾಪೆ ಸಾಸಿವೆ ಕಾಳಿನಷ್ಟು. ಗಡಿಯಾರ ಹಿಡಿದು ನೋಡಿದಳು, ನಿಮಿಷಕ್ಕೆ ನಾಲ್ಕೇ ಉಸಿರು. ನನ್ನಿಂದ ಅವನ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿಸಿ, ಮೂಗುಬಾಯಿಗೆ ಮಾಸ್ಕ್ ಒತ್ತಿ, ರಬ್ಬರ್ ಚೀಲ ಅದುಮಿ ಉಸಿರು ತುಂಬಿದಳು. ಫೋನಿನಲ್ಲಿ ನಮ್ಮ ಆಸ್ಪತ್ರೆಯ ಡಾಕ್ಟರ್ ಶಿವಶಂಕರ್ ಸಿಕ್ಕರು.

"ಸರ್, ಮಾರ್ಫಿನ್ ನಾಲ್ಕು ನುಂಗಿದಾರೆ, ಮೇಲೆ ಬ್ರಾಂದಿ. ಉಸಿರು ನಿಲ್ತಾ ಇದೆ. ನಾಲಾಕ್ಸೋನ್ ಕೊಡ್ತಿದೀನಿ."

ಕೊಡಲಾ ಎಂದು ಕೇಳಲಿಲ್ಲ, ಕೊಡುತ್ತಿದ್ದೇನೆ ಎಂದಳು. ಅವರು "ಕೊಡಿ, ಕೊಡಿ" ಎನ್ನುವಷ್ಟರಲ್ಲಿ ನಾನು ತಾಯಿತ ಎಂದು ಹಂಗಿಸಿದ್ದ, ಮಾರ್ಫಿನ್ನಿನ ಮಂಪರು ಇಳಿಸುವ ಆ ಔಷಧ ಕುಳ್ಳಯ್ಯನ ತೊಡೆಯೊಳಗೆ ಇಳಿದಿತ್ತು.

"ಮೂರು ದಿವ್ಸದಲ್ಲಿ ಎರಡ್ನೇ ಎಣವೇನವ್ವ?" ಸೋಮಮ್ಮ ಕುಸಿದು ಕೂತಳು.

"ಇಲ್ಲ ಕಣವ್ವ" ಎಂದಳು ಫರ್ಹತ್, ಚೀಲ ಅದುಮುತ್ತಲೇ. "ಇವ್ರು ಎದ್ದು ಕೂತ್ಕತಾರೆ. ನೋಡ್ತಿರಿ."

ಮೂರು ನಿಮಿಷ. ಅಷ್ಟು ಉದ್ದದ ಮೂರು ನಿಮಿಷವನ್ನು ನಾನು ನೋಡಿಲ್ಲ. ಕುಳ್ಳಯ್ಯ ಒಮ್ಮೆಲೇ ಎದೆ ತುಂಬ ಉಸಿರೆಳೆದ, ಕಣ್ಣು ಬಿಟ್ಟ, ತೊಡೆ ಮುಟ್ಟಿಕೊಂಡ.

"ಯಾವೋಳೇ ಚುಚ್ಚಿದ್ದು?"

ಜನ ಅಳುತ್ತಾ ನಕ್ಕರು. ಅವನು ಆಮೇಲೆ ಹೇಳಿದ: "ಬಾವನ ಅಂತಾ ನೋವೇ ಓಗ್ತಿತ್ತು. ನನ್ ಸೊಂಟ ಯಾವ ಲೆಕ್ಕ ಅಂತ ನಾಕು ನುಂಗ್ದೆ."

ಹೊರಟುಹೋಗಲು ಎದ್ದವನನ್ನು ಫರ್ಹತ್ ಬಿಡಲಿಲ್ಲ. ಈ ಇಂಜೆಕ್ಷನ್ನಿನ ಬಲ ಒಂದು ಗಂಟೆಯದು, ಮಾತ್ರೆಯ ಬಲ ಅದಕ್ಕಿಂತ ಹೆಚ್ಚು, ಮತ್ತೆ ಮಂಪರು ಹತ್ತುತ್ತದೆ ಎಂದಳು. ಹಾಗೇ ಆಯಿತು. ಜೀಪಿನಲ್ಲಿ ಅರ್ಧ ದಾರಿಗೇ ಅವನ ತಲೆ ವಾಲಿತು, ಎರಡನೆಯದನ್ನೂ ಕೊಟ್ಟಳು. ಆಸ್ಪತ್ರೆ ತಲುಪುವ ತನಕ ಅವನನ್ನು ಮಾತಾಡಿಸುತ್ತಲೇ ಇದ್ದಳು.

ಜೀವ ಉಳಿಯಿತು, ರಿಜಿಸ್ಟರ್ ಉಳಿಯಬೇಕಲ್ಲ. ನಾಲ್ಕು ಮಾತ್ರೆ ಬೇರೊಬ್ಬನ ಹೊಟ್ಟೆಗೆ ಹೋಗಿವೆ ಎಂದು ಬರೆದರೆ ಅನುಮತಿಗೇ ಕುತ್ತು ಎಂದು ಡಾಕ್ಟರು ಹೆದರಿದರು. ಹಾಲುತುಪ್ಪದಲ್ಲಿ ನೆನೆದು ಕರಗಿದವು ಎಂದು ಬರೆದುಬಿಡು ಎಂದರು. ನಾನೂ ಕೋಲೆ ಬಸವನಂತೆ ತಲೆಯಾಡಿಸಿದೆ.

"ಅಂಗೆ ಬರೆದ್ರೆ ಮಾತ್ರೆ ಲೆಕ್ಕ ಸರಿಯಾಗ್ತದೆ ರವಿಯಣ್ಣ. ಎರಡು ಇಂಜೆಕ್ಷನ್ ಯಾತಕ್ಕೋಯ್ತು ಅಂತ ಬರೀಲಿ? ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸ್ಬೇಕು, ನನ್ ಕೈಲಾಗಲ್ಲ" ಎಂದು ನಡೆದದ್ದನ್ನೆಲ್ಲ ದುಂಡು ಅಕ್ಷರದಲ್ಲಿ ಬರೆದಳು. ನಾವು ತಡವಾಗಿ ಹೋದದ್ದನ್ನೂ ಬರೆದಳು. ಕ್ಲಚ್ಚನ್ನು ಸಹ ಬಿಡಲಿಲ್ಲ.

ತಿಂಗಳ ನಂತರ ತಪಾಸಣೆಗೆ ಅಧಿಕಾರಿ ಬಂದರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿದು ಅಲ್ಲಿ ನಿಂತಿತು. ಡಾಕ್ಟರು ಬೆವರು ಒರೆಸಿಕೊಂಡರು. ನಾನು ಬಾಗಿಲ ಬಳಿ ನಿಂತು ಮೂವತ್ತು ಮನೆಗಳನ್ನು ನೆನೆಯುತ್ತಿದ್ದೆ.

"ಈ ನಾಲ್ಕು ಮಾತ್ರೆ ಮಾರಾಟ ಆಗಿಲ್ಲ ಅನ್ನೋದಕ್ಕೆ ಸಾಕ್ಷಿ?"

"ಹೊರಗೆ ಬೆಂಚಿನ ಮೇಲೆ ಕೂತಿದಾರೆ ಸರ್" ಎಂದಳು ಫರ್ಹತ್. "ಸೊಂಟಕ್ಕೆ ತೋರಿಸ್ಕೊಳ್ಳೋಕೆ ಬರ್ತಿದಾರೆ. ಇನ್ನು ಮೇಲೆ ರೋಗಿ ತೀರಿಕೊಂಡ ದಿನವೇ ಹೋಗಿ ಮಾತ್ರೆ ತರ್ತೀವಿ."

ಕುಳ್ಳಯ್ಯ ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ಬಾಗಿಲು ಹಿಡಿದು ಒಳಗೆ ಬಂದ. ಟವೆಲ್ಲು ಹೆಗಲಿನಿಂದ ಇಳಿಸಿದ.

"ಆ ನಾಕು ನುಂಗ್ದೋನು ನಾನೇ ಸಾ. ಈ ತಾಯಿ ಅವತ್ತು ಬರ್ದೇ ಓಗಿದ್ರೆ ಬಾವನ ಮಗ್ಗುಲಿಗೆ ಮನಗ್ಸಿರೋರು."

ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪೆನ್ನು ತೆಗೆದು ಸಹಿ ಹಾಕಿದರು. ಎದ್ದು ಹೊರಡುವಾಗ, ಬ್ಯಾಗಿನಲ್ಲಿ ಆ ಇಂಜೆಕ್ಷನ್ ಎಷ್ಟಿವೆ ಎಂದು ಕೇಳಿದರು. ಎರಡು ಎಂದಳು ಫರ್ಹತ್. ನಾಲ್ಕು ಇಟ್ಟುಕೊಳ್ಳಿ ಎಂದರು.

ಡಾಕ್ಟರು ಚೀಟಿ ಬರೆದರು. ಔಷಧಿ ಕೋಣೆಗೆ ಹೋಗಿ ಇನ್ನೆರಡನ್ನು ತಂದು ಬ್ಯಾಗಿಗೆ ಹಾಕಿದವನು ನಾನೇ.